ಹೊಕ್ಕಳ ಸುತ್ತಿನ ಹದಿನಾಲ್ಕು

ಪಶುವೈದ್ಯ ಕಾಲೇಜಿಗೆ ಸೇರಿದ ಮಗ ಹುಚ್ಚುನಾಯಿ ರೋಗದ ಲಸಿಕೆಯನ್ನು ಕಚ್ಚಿಸಿಕೊಳ್ಳುವ ಮೊದಲೇ ಹಾಕಿಸಿಕೊಳ್ಳುತ್ತಾನೆಂದು ತಿಳಿದರೆ, ಮನೆಯವರ ಬಾಯಿಂದ ಬರುವ ಮೊದಲ ಮಾತು 'ಅಯ್ಯೋ, ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ನಾ?' ಎಂಬುದೇ. ಈ ಭಯವನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ. 1911ರಲ್ಲಿ ಡೇವಿಡ್ ಸೆಂಪಲ್ ಕಸೌಲಿಯಲ್ಲಿ ರೂಪಿಸಿದ ಲಸಿಕೆ ನಮ್ಮಲ್ಲಿ ತಯಾರಾಗುತ್ತಿದ್ದದ್ದು ಕುರಿಯ ಮಿದುಳಿನಿಂದ. ಅದನ್ನು ಹೊಟ್ಟೆಗೆ ದಿನಕ್ಕೊಂದರಂತೆ ಚುಚ್ಚುತ್ತಿದ್ದರು. ಅದರಲ್ಲಿದ್ದ ನರದ ಅಂಶದಿಂದ ಕೆಲವರಿಗೆ ಲಕ್ವ ಹೊಡೆದದ್ದೂ ಉಂಟು. ಭಾರತದಲ್ಲಿ ಅದರ ತಯಾರಿಕೆ 2004ರ ಕೊನೆಗೆ ನಿಂತಿತು. ಈಗ ಮೊದಲ ವರ್ಷದಲ್ಲಿರುವ ಹುಡುಗ ಹುಟ್ಟುವ ಮೊದಲೇ ಆ ಲಸಿಕೆ ತೀರಿಕೊಂಡಿದೆ. ಅದರ ಭಯ ಮಾತ್ರ ಪಿತ್ರಾರ್ಜಿತ ಆಸ್ತಿಯಂತೆ, ಯಾವ ದಾಯಾದಿ ಜಗಳವೂ ಇಲ್ಲದೆ, ಎಲ್ಲರಿಗೂ ಸಮಪಾಲಾಗಿ ಬಂದಿದೆ.

ಈಗಿನ ಲಸಿಕೆಯ ವೈರಸ್ಸು ಪ್ರಯೋಗಾಲಯದ ಜೀವಕೋಶಗಳಲ್ಲಿ ಬೆಳೆದು, ಅಲ್ಲೇ ಸತ್ತು ಬರುತ್ತದೆ. ಚರ್ಮದೊಳಗೆ ಕೊಡುವುದಾದರೆ ಒಂದು ಚುಚ್ಚಿಗೆ 0.1 ಮಿಲಿಲೀಟರ್. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ನೂರಕ್ಕೆ 35ರಿಂದ 45 ಮಂದಿಗೆ ಚುಚ್ಚಿದ ಜಾಗ ನೋಯುತ್ತದೆ, ಕೆಂಪಾಗುತ್ತದೆ, ಊದುತ್ತದೆ. 5ರಿಂದ 15 ಮಂದಿಗೆ ಸಣ್ಣ ಜ್ವರ, ತಲೆನೋವು, ತಲೆಸುತ್ತು. ಉಳಿದ ತೊಂದರೆಗಳಲ್ಲಿ ಬಹುಪಾಲು ಕಿವಿಯ ಮೂಲಕ ಒಳಗೆ ಹೋಗುತ್ತದೆ ಎಂಬುದು ನನ್ನ ವಾದ. ಕೋವಿಡ್ ಲಸಿಕೆಯ ಪ್ರಯೋಗಗಳಲ್ಲಿ ಲಸಿಕೆಯೇ ಇಲ್ಲದ ಹುಸಿ ಮದ್ದು ಚುಚ್ಚಿಸಿಕೊಂಡವರಲ್ಲೂ ನೂರಕ್ಕೆ ಸುಮಾರು 35 ಮಂದಿ ತಲೆನೋವು, ಸುಸ್ತು ಮುಂತಾದವನ್ನು ಬರೆಸಿದ್ದರೆಂದು 2022ರ ವಿಶ್ಲೇಷಣೆ ಹೇಳಿತು. ಹುಚ್ಚುನಾಯಿ ರೋಗಕ್ಕೆ ಲಸಿಕೆ ಹಾಕಿಸಿಕೊಂಡ ನಾಯಿಯೂ ಒಂದು ದಿನ ಮಂಕಾಗಿ ಮಲಗಬಹುದು. ಆದರೆ ಚುಚ್ಚುವ ಹಿಂದಿನ ರಾತ್ರಿಯೇ ಹಾಗೆ ಮಲಗುವುದಿಲ್ಲ. ಅದಕ್ಕೆ ಕಥೆ ಹೇಳುವ ಸೋದರತ್ತೆಯರಿಲ್ಲ.

ಹಾಗಾದರೆ ಎಲ್ಲ ಬರೀ ಭ್ರಮೆಯೋ ಎಂದರೆ, ಅಲ್ಲ. ತೋಳಿನ ಊತ ನಿಜ. ಹದಿಹರೆಯದವರು, ಎಳೆಯ ಪ್ರಾಯದವರು ಸೂಜಿ ಕಂಡು ಕುಸಿಯುವುದೂ ನಿಜ. ನಾಡಿ, ರಕ್ತದೊತ್ತಡ ಎರಡೂ ಒಮ್ಮೆಲೇ ಇಳಿಯುವುದರಿಂದ ಹಾಗಾಗುತ್ತದೆ. ಹೋರಿಗೆ ಮೂಗುದಾರ ಪೋಣಿಸುವ ಗಂಡೆದೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಹದಿನೈದು ನಿಮಿಷ ಕೂರಿಸುವ ಕುರ್ಚಿ ಬರುತ್ತದೆ. ಅಡ್ಡ ಪರಿಣಾಮವನ್ನು ಮುಚ್ಚಿಡಬೇಕೆಂಬುದೂ ನನ್ನ ಮಾತಲ್ಲ. ಅಂಕಿಯೊಂದಿಗೆ ಹೇಳಬೇಕು, ಅಂಕಿ ಇಲ್ಲದ ಕಡೆ ಆ ಸೋದರತ್ತೆ ಬಂದು ಕೂರುತ್ತಾಳೆ.

'ಕಚ್ಚಿದ ಮೇಲೆ ಹಾಕಿಸಿಕೊಂಡರಾಗದೇ?' ಎಂಬ ಆಕ್ಷೇಪಕ್ಕೆ ತೂಕವಿದೆ. ಊರಿನ ಉಳಿದವರಿಗೆ ಅದೇ ಸರಿ. ಆದರೆ ಪಶುವೈದ್ಯನನ್ನು ಯಾವ ಪ್ರಾಣಿಯೂ ಕಚ್ಚಬೇಕಾಗಿಲ್ಲ. ಜೊಲ್ಲು ಸುರಿಸುತ್ತ ಮೇವು ಬಿಟ್ಟು ನಿಂತ ಹಸುವನ್ನು ಕಂಡು, ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಬಾಯೊಳಗೆ ಕೈ ಹಾಕುತ್ತಾನೆ. ಹಸುವಿಗಿರುವುದು ಹುಚ್ಚುನಾಯಿ ರೋಗವೆಂದು ತಿಳಿಯುವ ಹೊತ್ತಿಗೆ, ಬೆರಳಿನ ಸಣ್ಣ ಗೀರಿಗೂ ಜೊಲ್ಲು ಮುಟ್ಟಿರುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗದಿಂದ ಬದುಕುವವರು ಇಲ್ಲವೆನ್ನುವಷ್ಟು ವಿರಳ. ಮೊದಲೇ ಲಸಿಕೆ ಪಡೆದವನಿಗೆ ಇಂಥ ಹೊತ್ತಿನಲ್ಲಿ ಮೊದಲ ದಿನ ಒಂದು, ಅದಾಗಿ ಮೂರು ದಿನಕ್ಕೆ ಇನ್ನೊಂದು ಚುಚ್ಚು ಸಾಕು. ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯಗಳ ದುಬಾರಿ ಮದ್ದು ಬೇಕಿಲ್ಲ.

ನನಗೆ ನಿಜವಾದ ತೊಡಕಾಗಿ ಕಾಣುವುದು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಬಲಗೈಯವರಿಗೆ ಕೆಲಸ ಕೆಡದಿರಲೆಂದು ಎಡತೋಳಿಗೆ ಚುಚ್ಚುವುದು ವಾಡಿಕೆ. ಗುಮಾಸ್ತನಿಗೆ ಅದು ಸರಿ. ಕೃತಕ ಗರ್ಭಧಾರಣೆ ಮಾಡುವವನ ಬಲಗೈ ನಳಿಕೆ ಹಿಡಿದು ಹೊರಗೇ ನಿಂತಿರುತ್ತದೆ. ಹಸುವಿನೊಳಗೆ ಭುಜದವರೆಗೆ ಹೋಗುವುದು ಎಡಗೈ. ಕೈ ಒಳಗಿರುವಾಗ ಹಸು ತಿಣುಕಿದರೆ ಆ 0.1 ಮಿಲಿಲೀಟರ್ ಎಲ್ಲಿದೆಯೆಂದು ಖಚಿತವಾಗಿ ಗೊತ್ತಾಗುತ್ತದೆ. ಅವನಿಗೆ ಬಲತೋಳಿಗೇ ಚುಚ್ಚಿ, ಇಲ್ಲವೇ ಮರುದಿನ ರಜೆ ಕೊಡಿ.