ಚೀಟಿಯಲ್ಲಿದ್ದ ಸಮುದ್ರ

ನಮ್ಮ ನಡುಮನೆಯ ಗೋಡೆಗೆ ನಾನೇ ಬರೆದ ಜಲವರ್ಣದ ಚಿತ್ರವೊಂದನ್ನು ತಗುಲಿಹಾಕಿದ್ದೇನೆ. ಕೆಳಗೆ ‘ಕಾರವಾರದ ಮುಸ್ಸಂಜೆ’ ಎಂಬ ಚೀಟಿ. ಅದು ಇದ್ದಷ್ಟು ದಿನ ಬಂದವರೆಲ್ಲ “ಅಲೆಗಳು ಚೆನ್ನಾಗಿ ಬಂದಿವೆ ಸಾರ್” ಎನ್ನುತ್ತ ಕಾಫಿ ಕುಡಿದು ಹೋಗುತ್ತಿದ್ದರು. ದಸರೆಗೆ ಧೂಳು ಹೊಡೆಯುವಾಗ ಅಂಟು ಬಿಟ್ಟು ಚೀಟಿ ಉದುರಿತು. ನನ್ನಾಕೆ ಕೈಯಲ್ಲಿ ಪೊರಕೆ ಹಿಡಿದೇ ದಿಟ್ಟಿಸಿ, “ರೀ, ಇದು ತಳ ಹತ್ತಿದ ಬಿಸಿಬೇಳೆಭಾತಾ?” ಎಂದಳು. ಅಷ್ಟೇ. ಅಲ್ಲಿಂದಾಚೆಗೆ ಸಮುದ್ರ ನನಗೂ ಕಾಣದು. ನೊರೆ ಇದ್ದಲ್ಲೆಲ್ಲ ಗೋಡಂಬಿ. ಚೀಟಿ ಮತ್ತೆ ಅಂಟಿಸಿದರೆ ಮಗಳು, “ಕಾರವಾರದಲ್ಲಿ ತಿಂದದ್ದಾ ಅಪ್ಪಾ?” ಎನ್ನುತ್ತಾಳೆ.

ಮಾನ ಉಳಿಸಿಕೊಳ್ಳಲು ಮನಶ್ಶಾಸ್ತ್ರದ ಮೊರೆ ಹೋದೆ. 1932ರಲ್ಲಿ ಅಮೆರಿಕದ ಕಾರ್ಮೈಕೇಲ್ ಮತ್ತು ಸಂಗಡಿಗರು ಎರಡು ಸೊನ್ನೆ, ನಡುವೆ ಒಂದು ಗೆರೆ ಇರುವಂಥ ಚಿತ್ರಗಳನ್ನು ತೋರಿಸಿ, ಕೆಲವರಿಗೆ ‘ಕನ್ನಡಕ’ ಎಂದರು, ಕೆಲವರಿಗೆ ‘ಡಂಬೆಲ್’ ಎಂದರು. ಆಮೇಲೆ ನೆನಪಿನಿಂದ ಬರೆಯಲು ಹೇಳಿದಾಗ, ಅನೇಕರ ಗೆರೆಗಳು ಕಿವಿಗೆ ಬಿದ್ದ ಹೆಸರಿನ ಕಡೆಗೇ ವಾಲಿದವು. ಇದನ್ನು ಮನೆಯಲ್ಲಿ ಸವಿಸ್ತಾರ ಬಿಡಿಸಿ ಹೇಳಿದೆ. “ಹಾಗಾದರೆ ಸಮುದ್ರ ಇದ್ದದ್ದು ಚೀಟಿಯಲ್ಲಿ ಅನ್ನಿ” ಎಂದು ನನ್ನಾಕೆ ಒಳಗೆ ಹೋದಳು.

ಇಂಥ ಸಂಕಟದಲ್ಲಿ ನನ್ನ ಜೊತೆಗಾರನೆಂದರೆ ಚಿತ್ರಕಾರ ವಿಸ್ಲರ್. ಲಂಡನ್ನಿನ ಕ್ರೆಮೋರ್ನ್ ಉದ್ಯಾನದ ಬಾಣಬಿರುಸನ್ನು ಕಪ್ಪು-ಬಂಗಾರದಲ್ಲಿ ಬರೆದು ಅದಕ್ಕೆ ‘ನಾಕ್ಟರ್ನ್’ ಎಂದು ಸಂಗೀತದ ಹೆಸರಿಟ್ಟ. 1877ರಲ್ಲಿ ವಿಮರ್ಶಕ ರಸ್ಕಿನ್, ಇದು ಜನರ ಮುಖಕ್ಕೆ ಬಣ್ಣದ ಡಬ್ಬಿ ಎರಚಿದ ಹಾಗಿದೆ ಎಂದು ಬರೆದದ್ದೇ ತಡ, ವಿಸ್ಲರ್ ಕೋರ್ಟಿಗೆ ಹೋದ. ‘ಕ್ರೆಮೋರ್ನ್ ನೋಟ’ ಎಂದು ಹೆಸರಿಟ್ಟಿದ್ದರೆ ನೋಡಿದವರಿಗೆ ನಿರಾಸೆಯೇ ಆಗುತ್ತಿತ್ತು ಎಂದು ಕಟಕಟೆಯಲ್ಲಿ ತಾನೇ ಹೇಳಿದ. ಎಂಥ ಜಾಣ! 1878ರಲ್ಲಿ ಕೇಸು ಗೆದ್ದ. ಸಿಕ್ಕ ಪರಿಹಾರ ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ಮರುವರ್ಷ ದಿವಾಳಿ. ಅವನು ‘ಬೂದು-ಕಪ್ಪಿನ ಸಂಯೋಜನೆ’ ಎಂದು ಕರೆದ 1871ರ ಚಿತ್ರವನ್ನು ಲೋಕ ಇವತ್ತಿಗೂ ‘ವಿಸ್ಲರನ ತಾಯಿ’ ಎಂದೇ ಕರೆಯುತ್ತದೆ. ಅವನ ಮಾತನ್ನೂ ಯಾರೂ ಕೇಳಲಿಲ್ಲ ಎಂಬುದೇ ನನಗೆ ಸಮಾಧಾನ.

ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಅತ್ತೆ ಬಂದಿದ್ದಾಗ ಮೊಬೈಲಿನಲ್ಲಿ ಹಿಲ್ ಎಂಬಾತ 1915ರಲ್ಲಿ ‘ಪಕ್’ ಪತ್ರಿಕೆಗೆ ಬರೆದ ಚಿತ್ರ ತೋರಿಸಿದೆ. ಒಂದೇ ಚಿತ್ರ, ತರುಣಿಯ ಗಲ್ಲವೇ ಮುದುಕಿಯ ಮೂಗು, ತರುಣಿಯ ಕಿವಿಯೇ ಮುದುಕಿಯ ಕಣ್ಣು, ಕೊರಳಪಟ್ಟಿಯೇ ಬಾಯಿ. ಹೆಸರು: ‘ನನ್ನ ಹೆಂಡತಿ ಮತ್ತು ನನ್ನ ಅತ್ತೆ’. ಅತ್ತೆ ನನ್ನ ಕಡೆ ನೋಡದೆ ತಮ್ಮ ಮಗಳನ್ನು ಕೇಳಿದರು: “ಅಳಿಯಂದಿರಿಗೆ ಮೊದಲು ಯಾರು ಕಂಡರಂತೆ?”

ಹೆಂಡತಿ ಎಂದರೆ ಅತ್ತೆಗೆ ಮುದುಕಿಯ ಪಾತ್ರ. ಅತ್ತೆ ಎಂದರೆ ರಾತ್ರಿ ಊಟ ಸಂಶಯ. “ಟೋಪಿಯ ಗರಿ ಕಂಡಿತು” ಎಂದೆ. ಇಬ್ಬರೂ ನಂಬಲಿಲ್ಲ.

ಈ ಚಿತ್ರವನ್ನು ಮನೆಯಲ್ಲಿ ತೋರಿಸುವ ಉಮೇದು ನಿಮಗೂ ಬಂದರೆ, ದಯವಿಟ್ಟು ಮೊದಲು ಹೆಬ್ಬೆರಳಿನಿಂದ ಶೀರ್ಷಿಕೆ ಮುಚ್ಚಿಕೊಳ್ಳಿ. ಹೆಸರಿಲ್ಲದಿದ್ದರೆ ಆಕೆ ಯಾರ ಮನೆಯವಳೂ ಅಲ್ಲ.