ಬೌಂಡರಿ ಗೆರೆಯಾಚೆಯ ರಸಮೀಮಾಂಸೆ

ಶಾಸ್ತ್ರಗ್ರಂಥವೆಂದರೆ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ವಿಷಯ: ಜೀವಮಾನವಿಡೀ ಸೋಫಾದ ಮೇಲೆ ಕೂತು ಕ್ರಿಕೆಟ್ ನೋಡಿದವನೊಬ್ಬನ ಮಗಳು ನಿಜವಾಗಿಯೇ ಕ್ರಿಕೆಟ್ ಆಡತೊಡಗಿದರೆ ಅವನಲ್ಲಿ ಹುಟ್ಟುವ ರಸ ಯಾವುದು? ಅಧಿಕಾರಿ: ಬೆಳಗಿನ ಐದೂಕಾಲಕ್ಕೆ ಎದ್ದು, ಕಿಟ್ ಬ್ಯಾಗನ್ನು ಸ್ಕೂಟರಿನಲ್ಲಿ ಎರಡು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು, ಅರೆನಿದ್ದೆಯ ಮಗುವನ್ನು ಹಿಂದೆ ಕೂರಿಸಿಕೊಂಡು, ಬನಶಂಕರಿಯ ಅಷ್ಟೂ ಹಂಪುಗಳನ್ನು ದಾಟಿ ಮೈದಾನ ಮುಟ್ಟಬಲ್ಲವನು. ಕಾರಿದ್ದವರಿಗೂ ಅಧಿಕಾರ ಉಂಟು, ಆದರೆ ಗೌಣ. ಸಂಬಂಧ: ಅಪ್ಪ, ಮಗಳು. ಪ್ರಯೋಜನ: ಗ್ರಂಥಕರ್ತನ ಹೆಂಡತಿಯನ್ನು ಕೇಳಲಾಗಿ, “ಮೀಮಾಂಸೆ ಆಮೇಲೆ ಬರೀರಿ, ಮೊದಲು ಆ ಬ್ಯಾಗಿನಿಂದ ನಿನ್ನೆಯ ಸಾಕ್ಸ್ ತೆಗೀರಿ” ಎಂಬ ಉತ್ತರ ದೊರೆಯಿತು. ಪ್ರಯೋಜನದ ಚರ್ಚೆಯನ್ನು ಇಲ್ಲಿಗೆ ಕೈಬಿಡಲಾಗಿದೆ.

ಮೊದಲು ಅಭಿಮಾನಿಯ ಲಕ್ಷಣ. ಆಟಕ್ಕೂ ತನಗೂ ಕಾರ್ಯಕಾರಣ ಸಂಬಂಧವಿದೆಯೆಂದು ನಂಬಿದವನೇ ಅಭಿಮಾನಿ. ಇದಕ್ಕೆ ಗ್ರಂಥಕರ್ತನೇ ಉದಾಹರಣೆ. 2016ರ ಮೇ 29, ಚಿನ್ನಸ್ವಾಮಿ ಕ್ರೀಡಾಂಗಣ, ಐಪಿಎಲ್ ಫೈನಲ್. ಗೆಲ್ಲಲು ನಮ್ಮ ಬೆಂಗಳೂರು ತಂಡಕ್ಕೆ 209 ಬೇಕು. ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್ಟಿಗೆ 114 ಸೇರಿಸಿದ್ದಾರೆ. ಆ ಹೊತ್ತಿನಲ್ಲಿ ಈ ಪಾಪಿ ನೀರು ಕುಡಿಯಲೆಂದು ಅಡುಗೆಮನೆಗೆ ಎದ್ದು ಹೋದ. ಗೇಲ್ ಔಟ್. ಕೊನೆಗೆ ಸೋತದ್ದು ಬರೀ ಎಂಟು ರನ್ನಿನಿಂದ. ಆ ಋತುವಿನಲ್ಲಿ ಕೊಹ್ಲಿ ಹೊಡೆದ 973 ರನ್ನೂ ಒಂದು ಲೋಟ ನೀರಿನಲ್ಲಿ ಕರಗಿಹೋದವು. ಹತ್ತು ವರ್ಷವಾಗುತ್ತ ಬಂದರೂ ನಮ್ಮ ಮನೆಯಲ್ಲಿ ಈ ಬಗ್ಗೆ ಕ್ಷಮಾಪಣೆ ಪೂರ್ತಿಯಾಗಿಲ್ಲ.

ಪಂಚಾಂಗವೂ ಅಭಿಮಾನಿಯನ್ನು ಬಿಡುವುದಿಲ್ಲ. 2013ರ ಏಪ್ರಿಲ್ 23ರಂದು ಗೇಲ್ ಒಬ್ಬನೇ ಔಟಾಗದೆ 175 ಹೊಡೆದು ತಂಡ 263 ಮಾಡಿತು. 2017ರ ಅದೇ ಏಪ್ರಿಲ್ 23ರಂದು ಈಡನ್ ಗಾರ್ಡನ್ಸಿನಲ್ಲಿ ಅದೇ ತಂಡ 9.4 ಓವರಿನಲ್ಲಿ 49ಕ್ಕೆ ಗಂಟುಮೂಟೆ ಕಟ್ಟಿತು. ಆ 49ನ್ನು ನಾನು ಮೊದಲ ಚೆಂಡಿನಿಂದ ಕೊನೆಯ ಚೆಂಡಿನ ತನಕ ನೋಡಿದೆ. ರಾತ್ರಿ ಹೈಲೈಟ್ಸ್ ಕೂಡ ನೋಡಿದೆ. ಕಣ್ಣು ರೆಪ್ಪೆ ಬಡಿಯಲಿಲ್ಲ. ಓದುಗರು ಈ ಸಾಕ್ಷ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಅಲಂಕಾರಶಾಸ್ತ್ರದ ಪ್ರಕಾರ ಇಂಥವನೇ ಸಹೃದಯ. ಸೋಲು ತನ್ನದಲ್ಲ, ಪರರದೂ ಅಲ್ಲ. ಸಾಧಾರಣೀಕರಣವಾಗಿ ಕರುಣರಸವಾಗಿ ಹರಿಯುತ್ತದೆ. “ಈ ಸಲ ಕಪ್ ನಮ್ದೇ” ಎಂಬಲ್ಲಿ ‘ನಮ್ದೇ’ ಯಾರದ್ದೆಂದು ಯಾರೂ ಕೇಳದಿರುವುದೇ ಸಾಧಾರಣೀಕರಣಕ್ಕೆ ನಿದರ್ಶನ. ಅಂತೂ ಆ ಕಪ್ಪು ಮೊದಲು ಬಂದದ್ದು ಹೆಣ್ಣುಮಕ್ಕಳ ಕೈಯಿಂದ. 2024ರ ಮಾರ್ಚ್ 17ರಂದು ದೆಹಲಿಯಲ್ಲಿ ಎದುರಾಳಿ ವಿಕೆಟ್ ನಷ್ಟವಿಲ್ಲದೆ 64 ಇದ್ದದ್ದು 113ಕ್ಕೆ ಮುಗಿಯಿತು; ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ ನಾಲ್ಕು ವಿಕೆಟ್ ಕಿತ್ತರು. (ಗಂಡಸರು ಮರುವರ್ಷ ತಂದರು. ಅದರ ಮರುದಿನ ಸ್ಟೇಡಿಯಂ ಹೊರಗೆ ನಡೆದ ಕಾಲ್ತುಳಿತ ಅಣಕಕ್ಕೆ ತಕ್ಕ ವಸ್ತುವಲ್ಲ.) ಹೆಣ್ಣುಮಕ್ಕಳು ಕಪ್ ಗೆದ್ದ ಆ ರಾತ್ರಿ ಮಗಳು ಸೋಫಾದ ತುದಿಗೆ ಬಂದು ಕೂತು, ಮೋಸಂಬಿಯೊಂದನ್ನು ಬೆರಳ ನಡುವೆ ತಿರುಗಿಸುತ್ತ, “ಅಪ್ಪಾ, ಆಫ್ ಸ್ಪಿನ್ ಹೆಂಗೆ ಹಾಕೋದು?” ಎಂದಳು. ಅನರ್ಥಪರಂಪರೆಯ ಮೂಲ ಆ ಮೋಸಂಬಿ.

ಇನ್ನು ಧ್ವನಿಪ್ರಕರಣ. ಕಾಶ್ಮೀರ ನಮಗೆ ಎರಡು ದೊಡ್ಡ ವಸ್ತುಗಳನ್ನು ಕೊಟ್ಟಿದೆ: ಒಂಬತ್ತನೆಯ ಶತಮಾನದಲ್ಲಿ ಆನಂದವರ್ಧನನ ಧ್ವನಿಸಿದ್ಧಾಂತ, ಈಗ ವಿಲೋ ಬ್ಯಾಟು. ಇವೆರಡಕ್ಕೂ ಸಂಬಂಧವಿದೆಯೆಂದು ಪಂಡಿತರಿಗೆ ಹೊಳೆದಿರಲಿಕ್ಕಿಲ್ಲ; ನನಗೆ ಹೊಳೆದದ್ದು ಬ್ಯಾಟಿನ ಅಂಗಡಿಯಲ್ಲಿ. ಮಗಳು ಬೌಲರ್ರೇ ಆದರೂ ಒಂಬತ್ತನೆಯವಳಾಗಿ ಇಳಿಯಬೇಕಲ್ಲ, ಬ್ಯಾಟು ಬೇಕು. ಅಂಗಡಿಯವನು ಬ್ಯಾಟನ್ನು ನನ್ನ ಕಿವಿಯ ಪಕ್ಕ ಹಿಡಿದು ಚೆಂಡಿನಿಂದ ಟಕ್ ಟಕ್ ಎಂದು ಕುಟ್ಟಿ, “ಕಾಶ್ಮೀರ್ ವಿಲೋ ಸಾರ್. ಸೌಂಡ್ ಕೇಳಿ, ಸೌಂಡ್” ಎಂದ. ಪಕ್ಕದಲ್ಲಿದ್ದ ಇಂಗ್ಲಿಷ್ ವಿಲೋ ಕುಟ್ಟಿದ. ಅದರಿಂದ ಹೊರಟ ಧ್ವನಿಗೂ ಬೆಲೆಚೀಟಿಗೂ ಇದ್ದ ಅವಿನಾಭಾವ ಸಂಬಂಧ ಕಂಡು ಕಾಶ್ಮೀರ ಸಿದ್ಧಾಂತವನ್ನೇ ಒಪ್ಪಿಕೊಂಡೆ. ಮನೆಗೆ ಬಂದಮೇಲೆ ಹೊಸ ಬ್ಯಾಟಿಗೆ ಅಗಸೆಎಣ್ಣೆ ಹಚ್ಚಿ, ಮರದ ಸುತ್ತಿಗೆಯಲ್ಲಿ ದಿನಾ ಅರ್ಧ ಗಂಟೆ ಕುಟ್ಟಿ ಹದ ಮಾಡಬೇಕು. ಎಂಟನೆಯ ರಾತ್ರಿ ಕೆಳಗಿನ ಮನೆಯ ಅಂಕಲ್ ಮೆಟ್ಟಿಲು ಹತ್ತಿ ಬಂದು, “ಕಾರ್ಪೆಂಟರ್ ಕೆಲ್ಸ ಇನ್ನೂ ಎಷ್ಟು ದಿನ ಇದೆ?” ಎಂದರು. ಧ್ವನಿ ಎಲ್ಲರಿಗೂ ಒಂದೇ, ಅರ್ಥ ಮಾತ್ರ ಬೇರೆ.

ಆದರೆ ವ್ಯಂಗ್ಯಾರ್ಥದ ಪರಮಾವಧಿ ಇರುವುದು ಕೋಚ್ ಬಾಯಿಯಲ್ಲಿ. “ಸರ್, ಭಾನುವಾರದ ಮ್ಯಾಚಿಗೆ ನಮ್ಮ ಹುಡುಗಿ…” ಎಂದು ತಂದೆ ರಾಗ ಎಳೆಯುತ್ತಾನೆ. ಕೋಚ್ ಅನ್ನುವುದು ಒಂದೇ ಪದ: “ನೋಡೋಣ.” ಅಭಿಧಾವೃತ್ತಿಯಲ್ಲಿ ಇದು ಕಣ್ಣಿನ ಕೆಲಸ. ಲಕ್ಷಣಾವೃತ್ತಿಯಲ್ಲಿ ‘ಈ ಭಾನುವಾರ ಇಲ್ಲ’ ಎಂದರ್ಥ. ವ್ಯಂಜನೆಗೆ ಬಂದರೆ ವ್ಯಾಖ್ಯಾನಕಾರರಲ್ಲಿ ಒಮ್ಮತವಿಲ್ಲ. ಬೇಲಿಯ ಹೊರಗಿನ ಮಳೆಮರದ ಕೆಳಗೆ ಪ್ರತಿದಿನ ಸೇರುವ ಅಪ್ಪಂದಿರ ವಿದ್ವತ್ಸಭೆಯಲ್ಲಿ ಒಬ್ಬರು ‘ಬಾಲ್ ಇನ್ನೂ ಮೇಲೆ ಬಿಡಬೇಕು’ ಎಂದು ಭಾಷ್ಯ ಬರೆದರು. ಇನ್ನೊಬ್ಬರು ‘ಕೆಳಗೆ ಬಿಡಬೇಕು’ ಎಂದರು. ಮೂರನೆಯವರು ಸ್ವರವನ್ನು ಗಮನಿಸಬೇಕೆಂದರು: ‘ಣ’ಕಾರ ದೀರ್ಘವಾಗಿ ಎಳೆದಿದ್ದರೆ ಆಸೆಯಿದೆ, ಗಕ್ಕನೆ ನಿಂತಿದ್ದರೆ ಇಲ್ಲ. ನಾನು ಮರುದಿನ ಹೋಗಿ ಮತ್ತೊಮ್ಮೆ ಕೇಳಿದೆ, ಸ್ವರಪರೀಕ್ಷೆಗಾಗಿಯೇ. ಕೋಚ್ ಏನೂ ಹೇಳದೆ ಸೀಟಿ ಊದಿದರು.

ಈ ಸಭೆಯ ಪೂರ್ವಪಕ್ಷವನ್ನೂ ದಾಖಲಿಸಬೇಕು. ‘ಆಟದ ಹಿಂದೆ ಬಿದ್ದರೆ ಓದು?’ ಎಂದು ಮನೆಮನೆಯ ಅಜ್ಜಿಯರು ಆಕ್ಷೇಪಿಸುತ್ತಾರೆ. ಇದಕ್ಕೆ ಕರ್ನಾಟಕದಲ್ಲಿ ಮಾತ್ರ ಸಿಗುವ ಸಿದ್ಧಾಂತವಿದೆ: ಎಂಜಿನಿಯರಿಂಗ್. ಆಫ್ ಸ್ಪಿನ್ನರ್ ಪ್ರಸನ್ನ ಎಂಜಿನಿಯರು, ಓದಿಗಾಗಿ ಟೆಸ್ಟ್ ಕ್ರಿಕೆಟ್ಟನ್ನೇ ಐದು ವರ್ಷ ಬಿಟ್ಟು, ಮತ್ತೆ ಬಂದು, 1973–74ರಲ್ಲಿ ನಾಯಕರಾಗಿ ರಾಜ್ಯಕ್ಕೆ ಮೊದಲ ರಣಜಿ ಟ್ರೋಫಿ ತಂದವರು. ಕುಂಬ್ಳೆ ಎಂಜಿನಿಯರು. ಶ್ರೀನಾಥ್ ಎಂಜಿನಿಯರು. ಬೇರೆ ರಾಜ್ಯಗಳಲ್ಲಿ ಮಗುವಿಗೆ ಕ್ರಿಕೆಟ್ ಇಲ್ಲವೇ ಎಂಜಿನಿಯರಿಂಗ್, ನಮ್ಮಲ್ಲಿ ಎರಡೂ. ಇದರಿಂದ ಅಜ್ಜಿಗೆ ಸಮಾಧಾನ, ಮಗುವಿಗೆ ಮಾತ್ರ ನೆಟ್ಸ್ ಮುಗಿಸಿ ಗಣಿತದ ಟ್ಯೂಷನ್. ‘ಬಿಸಿಲಿಗೆ ಹುಡುಗಿ ಕಪ್ಪಾಗ್ತಾಳೆ’ ಎಂಬ ಎರಡನೆಯ ಆಕ್ಷೇಪವನ್ನು ನನ್ನ ಅತ್ತೆಯವರು ಮಂಡಿಸಿದರು. ಅದಕ್ಕೆ ಮಗಳೇ ಉತ್ತರ ಹೇಳಿದಳು. ಗ್ರಂಥದಲ್ಲಿ ಅದನ್ನು ಬರೆಯುವಂತಿಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಭರತನು ಎಂಟು ರಸ ಹೇಳಿದ. ಶಾಂತ ಸೇರಿ ಒಂಬತ್ತಾಯಿತು. ವಾತ್ಸಲ್ಯವೂ ರಸವೇ ಎಂದು ಹತ್ತನೆಯದನ್ನು ಒಪ್ಪಿಕೊಂಡವನು ‘ಸಾಹಿತ್ಯದರ್ಪಣ’ದ ವಿಶ್ವನಾಥ. ಆದರೆ ಮಳೆಮರದ ಕೆಳಗೆ ‘ವಿಶ್ವನಾಥ’ ಎಂದರೆ ಆತನಲ್ಲ, ಭದ್ರಾವತಿಯ ಗುಂಡಪ್ಪ ವಿಶ್ವನಾಥರು. 1969ರಲ್ಲಿ ಕಾನ್ಪುರದಲ್ಲಿ ತಮ್ಮ ಮೊದಲ ಟೆಸ್ಟಿನ ಮೊದಲ ಸರದಿಯಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಸೊನ್ನೆಗೆ ಔಟಾಗಿ ಬಂದ ಮಕ್ಕಳ ಅಪ್ಪಂದಿರಿಗೆ ಇದೊಂದೇ ವೇದವಾಕ್ಯ. “ವಿಶ್ವನಾಥೂ ಸೊನ್ನೇನೇ ಅಲ್ವಾ ಸಾರ್?” “ಹೌದು ಸಾರ್.” ಆ ಮಾತಿನ ಉತ್ತರಾರ್ಧ ನಿಜವಾಗಲು ಎರಡನೆಯ ಸರದಿ ಎಂಬುದೊಂದು ಇರಬೇಕು, ಮಕ್ಕಳ ಮ್ಯಾಚಿನಲ್ಲಿ ಒಂದೇ ಸರದಿ ಎಂಬುದನ್ನು ಯಾರೂ ಎತ್ತುವುದಿಲ್ಲ. ಇದೇ ವಾತ್ಸಲ್ಯ. ಹೀಗೆ ಇಬ್ಬರು ವಿಶ್ವನಾಥರೂ ಹೇಳಿದ್ದು ಒಂದೇ ಎಂದು ನನ್ನ ಮತ.

ಆದರೆ ರಸಕ್ಕೆ ವಿಘ್ನಗಳುಂಟು. ಅಭಿನವಗುಪ್ತ (ಇವನೂ ಕಾಶ್ಮೀರದವನೇ) ಹೇಳಿದ ಏಳರಲ್ಲಿ, ತನ್ನ ಸ್ವಂತ ಸುಖದುಃಖಕ್ಕೆ ವಶನಾಗುವುದೂ ಒಂದು. ಕೊಹ್ಲಿ ಸೊನ್ನೆಗೆ ಹೋದರೆ ಕರುಣರಸ. ಮಗಳು ವೈಡ್ ಹಾಕಿದರೆ ಬರೀ ಹೊಟ್ಟೆತೊಳಸು. ಇದಕ್ಕೆ ಪ್ರಯೋಗಸಿದ್ಧ ಪುರಾವೆ ಕಳೆದ ತಿಂಗಳ ಒಂದು ಭಾನುವಾರ ಸಿಕ್ಕಿತು. ‘ನೋಡೋಣ’ದ ‘ಣ’ಕಾರ ಅಂತೂ ದೀರ್ಘವಾಗಿತ್ತು. ಮ್ಯಾಟಿಂಗ್ ಪಿಚ್ಚು, ಹದಿನೈದರೊಳಗಿನ ಹುಡುಗಿಯರು, ಹದಿನಾಲ್ಕನೆಯ ಓವರ್, ಚೆಂಡು ಮಗಳ ಕೈಗೆ. ಓವರಿಗೆ ಆರು ಚೆಂಡು, ಭಾವ ಉಕ್ಕಿದಾಗ ಮೈಮೇಲೆ ತೋರುವ ಸಾತ್ತ್ವಿಕಭಾವಗಳು ಎಂಟು. ಹೇಗೆ ಹೊಂದಿಸುವುದೆಂದು ನಾನು ಚಿಂತಿಸುತ್ತಿದ್ದಾಗಲೇ ಮಗಳು ಒಂದು ವೈಡ್, ಒಂದು ನೋಬಾಲ್ ಸೇರಿಸಿ ಶಾಸ್ತ್ರದ ಮಾನ ಉಳಿಸಿದಳು.

ಮೊದಲನೆಯದೇ ವೈಡ್. ಸ್ತಂಭ: ಸ್ಕೂಟರಿಗೆ ಸ್ಟ್ಯಾಂಡ್ ಹಾಕುತ್ತಿದ್ದವನು ಕಾಲು ಅಲ್ಲೇ ಇಟ್ಟು ನಿಂತೆ. ಎರಡನೆಯದು ಸರಿಯಾಗಿ ಬಿತ್ತು, ರನ್ನಿಲ್ಲ. ಸ್ವೇದ. ಮೂರನೆಯದು ಅವಳ ತಲೆಯ ಮೇಲಿಂದ ನಾಲ್ಕು. ರೋಮಾಂಚ, ಇದು ಹರ್ಷದಿಂದ ಮಾತ್ರವಲ್ಲ ಭಯದಿಂದಲೂ ಬರುತ್ತದೆಂದು ಭರತನೇ ಹೇಳಿದ್ದಾನೆ, ನನಗೆ ಬಂದದ್ದು ಎರಡನೆಯದು. ನಾಲ್ಕನೆಯದು ನೋಬಾಲ್. “ಪರವಾಗಿಲ್ಲ ಪುಟ್ಟೀ” ಎಂದು ಕೂಗಹೋದೆ. ಕೋಚ್ ತಿರುಗಿ ನೋಡಿದರು. ಸ್ವರಭಂಗ. ಐದನೆಯದಕ್ಕೆ ಮಿಡ್‌ವಿಕೆಟ್ಟಿನ ಹುಡುಗಿ ಕೈಗೆ ಬಂದ ಕ್ಯಾಚನ್ನು ಕೆಳಗೆ ಬಿಟ್ಟಳು. ವೇಪಥು, ಪೇಪರ್ ಲೋಟದ ಕಾಫಿ ಪ್ಯಾಂಟಿನ ಮೇಲೆ. ಆರನೆಯದು ಮತ್ತೆ ನಾಲ್ಕು. ವೈವರ್ಣ್ಯವನ್ನು ನಾನು ನೋಡಲಿಲ್ಲ, ಪಕ್ಕದವರು “ಬಿಪಿ ಇದೆಯಾ ಸಾರ್?” ಎಂದದ್ದರಿಂದ ಊಹಿಸಿದೆ. ಏಳನೆಯದು ಒಳ್ಳೆಯ ಚೆಂಡು, ತಿರುಗಿ ಬ್ಯಾಟಿನ ಅಂಚು ತಪ್ಪಿಸಿ ಕೀಪರಿನ ಗ್ಲೌಸಿಗೆ ಹೋಯಿತು. ಅಶ್ರು. ಮೈದಾನದಲ್ಲಿ ಧೂಳು ಜಾಸ್ತಿ.

ಎಂಟನೆಯದು ಪ್ರಳಯ, ಎಂದರೆ ಇಂದ್ರಿಯಗಳೆಲ್ಲ ಮುಚ್ಚಿಹೋಗುವುದು. ಅವಳು ಓಡಿ ಬಂದದ್ದನ್ನು ಕಂಡೆ. ಆಮೇಲೆ ಮಳೆಮರದ ಕಾಂಡಕ್ಕೆ ಮುಖ ಮಾಡಿ ಕಣ್ಣು ಮುಚ್ಚಿದೆ. ಆ 49ನ್ನು ರೆಪ್ಪೆ ಬಡಿಯದೆ ನೋಡಿದ ಕಣ್ಣು. ಹಿಂದಿನಿಂದ ಹುಡುಗಿಯರು ಒಟ್ಟಿಗೆ ಕಿರುಚಿದರು. ತಿರುಗಿದಾಗ ಎಲ್ಲರೂ ಅವಳ ಮೇಲೆ ಬಿದ್ದಿದ್ದರು. ಪ್ರತ್ಯಕ್ಷ ಪ್ರಮಾಣ ಕೈತಪ್ಪಿತ್ತು. ಶಬ್ದದಿಂದ ಅನುಮಾನಿಸಿ ವಿಕೆಟ್ಟೆಂದು ನಿರ್ಣಯಿಸಿ ಚಪ್ಪಾಳೆ ತಟ್ಟಿದೆ.

ಮನೆಗೆ ಹೋಗುವಾಗ ದರ್ಶಿನಿಯಲ್ಲಿ ನಿಂತೆವು. ಖಾಲಿದೋಸೆಯನ್ನು ಸಾಗುವಿನಲ್ಲಿ ಅದ್ದುತ್ತಾ ಕೇಳಿದಳು:

“ಅಪ್ಪಾ, ನನ್ನ ವಿಕೆಟ್ ನೋಡ್ದ್ಯಾ?”

“ನೋಡ್ದೆ ಕಣೇ. ಏನ್ ಫ್ಲೈಟು! ಪ್ರಸನ್ನ ಹಾಕಿದಂಗಿತ್ತು. ಗಾಳೀಲಿ ನಿಂತು, ಬಿದ್ದು, ತಿರುಗಿ…”

ಅವಳು ದೋಸೆ ತಿನ್ನುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

“ಅದು ಫುಲ್‌ಟಾಸ್ ಅಪ್ಪಾ.”