ಬಿ.ಡಿ. ಪದವಿ: ಬಳಸುವ ವಿಧಾನ

ಥಿಯಲಾಜಿಕಲ್ ಕಾಲೇಜಿನ ಅರ್ಜಿ ತುಂಬುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ತುಂಬಿಯಾಗಿದ್ದರೆ ಇನ್ನೂ ನಿಧಾನವಾಗಿ ಓದಿ.

1. ಸರಕಿನ ಪರಿಚಯ

ಬಿ.ಡಿ. ಎಂದರೆ ಬ್ಯಾಚಲರ್ ಆಫ್ ಡಿವಿನಿಟಿ. ದಕ್ಷಿಣ ಕನ್ನಡದಲ್ಲಿ ಇದನ್ನು ಬಿಡಿಸಿಯೇ ಹೇಳಬೇಕು. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಊರಿನಲ್ಲಿ ‘ನಾನು ಬಿ.ಡಿ. ಮಾಡ್ತಿದ್ದೇನೆ’ ಅಂದರೆ, ‘ಸಾವಿರಕ್ಕೆ ಎಷ್ಟು ಕೊಡ್ತಾರೆ?’ ಎಂದು ಕೇಳುವವರು ಸಿಗುತ್ತಾರೆ.

ತಯಾರಕರ ವಿಳಾಸ ಸ್ವಲ್ಪ ಗೋಜಲು. ಓದುವುದು ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲೋ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲೋ. ಪದವಿ ಬರುವುದು ಬಂಗಾಳದ ಸೆರಾಂಪುರದಿಂದ. 1818ರಲ್ಲಿ ವಿಲಿಯಂ ಕೇರಿ ಮತ್ತು ಸಂಗಡಿಗರು ಅಲ್ಲಿ ಕಾಲೇಜು ತೆರೆದಾಗ ಆ ಊರು ಡೆನ್ಮಾರ್ಕಿನವರ ಕೈಲಿತ್ತು. ಪದವಿ ಕೊಡುವ ಸನ್ನದನ್ನು 1827ರಲ್ಲಿ ಡೆನ್ಮಾರ್ಕಿನ ರಾಜ ಆರನೇ ಫ್ರೆಡರಿಕ್ ದಯಪಾಲಿಸಿದ. ಹೀಗಾಗಿ ಬೆಟಗೇರಿಯ ಹುಡುಗ, ಮಂಗಳೂರಿನ ಕುಚ್ಚಲಕ್ಕಿ ಅನ್ನ ಉಂಡು, ಡೆನ್ಮಾರ್ಕಿನ ರಾಜನ ಅಪ್ಪಣೆಯ ಮೇಲೆ ಕಲ್ಕತ್ತದ ಪಕ್ಕದಿಂದ ಪದವಿ ಪಡೆಯುತ್ತಾನೆ. ಮನೆಯವರಿಗೆ ಇದನ್ನು ವಿವರಿಸಲು ಹೋಗಬೇಡಿ.

2. ಬೇಕಾದ ಸಾಮಾನು

ಸಭೆಯ ಶಿಫಾರಸು ಪತ್ರ, ಬಿಷಪ್ಪರ ಒಪ್ಪಿಗೆ, ಮತ್ತು ಒಂದು ಕರೆ. ಮೊದಲಿನ ಎರಡಕ್ಕೆ ಓಡಾಡಬೇಕು, ಮೂರನೆಯದಕ್ಕೆ ಕಾಯಬೇಕು. ‘ದೇವರು ನಿಮ್ಮನ್ನು ಹೇಗೆ ಕರೆದರು?’ ಎಂದು ಸಂದರ್ಶನದಲ್ಲಿ ಕೇಳಿಯೇ ಕೇಳುತ್ತಾರೆ. ಬೇರೆಲ್ಲೂ ಸೀಟು ಸಿಗದಿರುವುದೂ ದೇವರ ಕರೆಯೇ ಇರಬಹುದು, ಆದರೆ ಅದನ್ನು ಆ ಮಾತಿನಲ್ಲಿ ಹೇಳಬೇಡಿ. ಖಚಿತವಿಲ್ಲದವರು ಯೋನನನ್ನು ನೆನೆಯಿರಿ. ಕರೆ ಬಂದದ್ದೇ ತಡ ಎದುರು ದಿಕ್ಕಿನ ಹಡಗು ಹತ್ತಿದವನು ಅವನು. ಅವನ ಪುಸ್ತಕವನ್ನೂ ಸತ್ಯವೇದದಲ್ಲಿ ಇಟ್ಟುಕೊಂಡಿದ್ದಾರೆ.

3. ಜೋಡಣೆ

ಹೀಬ್ರೂವನ್ನು ಬಲದಿಂದ ಎಡಕ್ಕೆ ಜೋಡಿಸಿ. ಮೂಲದಲ್ಲಿ ಬಹುಮಟ್ಟಿಗೆ ವ್ಯಂಜನಗಳಷ್ಟೇ ಇದ್ದವು. ಸ್ವರದ ಚುಕ್ಕೆ, ಗೆರೆಗಳನ್ನು ಮಸೊರೇತರೆಂಬ ಯೆಹೂದಿ ಪಂಡಿತರು ಎಷ್ಟೋ ಶತಮಾನಗಳ ನಂತರ ಸೇರಿಸಿದರು. ದಾಲೆತ್ ಮತ್ತು ರೇಶ್ ಎಂಬ ಎರಡು ಅಕ್ಷರಗಳಲ್ಲಿ ಒಂದರ ಮೂಲೆ ಚೂಪು, ಇನ್ನೊಂದರದು ದುಂಡು. ರಾತ್ರಿ ಹನ್ನೊಂದಕ್ಕೆ ಹಾಸ್ಟೆಲಿನ ಟ್ಯೂಬ್‌ಲೈಟಿನಡಿ ಎರಡೂ ಒಂದೇ. ಹಾಗೆಂದು ಪುಸ್ತಕ ಬಿಸಾಡಬೇಡಿ. ಹೀಬ್ರೂ ಆದಿಕಾಂಡ 10:4ರಲ್ಲಿ ದೋದಾನೀಮ್ ಆಗಿದ್ದ ಜನ, ಪೂರ್ವಕಾಲವೃತ್ತಾಂತದ ಮೊದಲ ಭಾಗದ 1:7ಕ್ಕೆ ಬರುವಷ್ಟರಲ್ಲಿ ರೋದಾನೀಮ್ ಆಗಿದ್ದಾರೆ. ಆ ಪುಣ್ಯಾತ್ಮ ನಕಲುಗಾರನಿಗೆ ಟ್ಯೂಬ್‌ಲೈಟೂ ಇರಲಿಲ್ಲ.

ಗ್ರೀಕಿನಲ್ಲಿ ಒಂದು ಅಕ್ಷರಕ್ಕೆ ಅರ್ಧ ಅಂಕ ಹೋಯಿತೆಂದು ಮೇಷ್ಟ್ರ ಬಳಿ ಜಗಳಕ್ಕೆ ಹೋಗಬೇಡಿ. 325ರ ನಿಕೇಯ ಮಹಾಸಭೆಯ ನಂತರ, ಮಗನು ತಂದೆಯೊಡನೆ ‘ಒಂದೇ ಸತ್ವದವನೋ’ ‘ಹೋಲುವ ಸತ್ವದವನೋ’ ಎಂದು ಬಿಷಪ್ಪರು ದಶಕಗಟ್ಟಲೆ ಕಾದಾಡಿದರು. ಗ್ರೀಕಿನಲ್ಲಿ ಆ ಎರಡು ಪದಗಳ ನಡುವಿನ ಅಂತರ ಒಂದೇ ಒಂದು ಅಯೋಟ.

4. ಮೊದಲ ಬಳಕೆಯಲ್ಲಿ ಕೇಳಿಬರುವ ಸದ್ದು

ಮೊದಲ ವರ್ಷದ ಹಳೆ ಒಡಂಬಡಿಕೆ ತರಗತಿಯಲ್ಲಿ ಒಳಗೆಲ್ಲೋ ಏನೋ ಮುರಿದಂತೆ ಸದ್ದಾಗಬಹುದು. ಗಾಬರಿ ಬೇಡ. ಸಂಡೇ ಸ್ಕೂಲಿನ ಚಿತ್ರದಲ್ಲಿ ಪ್ರಾಣಿಗಳು ನೋಹನ ನಾವೆಯನ್ನು ಎರಡೆರಡಾಗಿ ಹತ್ತುತ್ತವೆ. ಆದಿಕಾಂಡ 6:19 ಹೇಳುವುದೂ ಅದನ್ನೇ. ಪುಟ ತಿರುವಿದರೆ 7:2ರಲ್ಲಿ ಶುದ್ಧ ಪ್ರಾಣಿಗಳು ಏಳೇಳು ಜೋಡಿ. ಇಷ್ಟು ವರ್ಷ ಎರಡನ್ನೂ ಓದಿದ್ದಿರಿ, ಒಂದನ್ನೂ ನೋಡಿರಲಿಲ್ಲ. ಇಲ್ಲಿ ಎರಡು ಪರಂಪರೆಗಳ ಕಥೆ ಹೆಣೆದುಕೊಂಡಿದೆ ಎಂದು ಮೇಷ್ಟ್ರು ಜರ್ಮನ್ ಪಂಡಿತ ವೆಲ್‌ಹೌಸನ್ನನ 1878ರ ಪುಸ್ತಕವನ್ನು ಮುಂದಿಡುತ್ತಾರೆ. ಅವನನ್ನು ಒಪ್ಪದವರ ಪುಸ್ತಕಗಳನ್ನು ಪರೀಕ್ಷೆಯ ಹಿಂದಿನ ವಾರ ಮುಂದಿಡುತ್ತಾರೆ.

ಎಚ್ಚರಿಕೆ: ಈ ಜ್ಞಾನವನ್ನು ಬಿಸಿಬಿಸಿಯಾಗಿ ಹಳ್ಳಿಯ ಪ್ರಸಂಗಪೀಠಕ್ಕೆ ಒಯ್ಯಬಾರದು. ಭಾನುವಾರದ ಸೇವೆಗೆಂದು ಕಳಿಸಿದ ಸಭೆಯಲ್ಲಿ ಮೋಶೆಯ ಐದು ಪುಸ್ತಕಗಳಿಗೆ ವೆಲ್‌ಹೌಸನ್ ಹೇಳುವ ನಾಲ್ಕು ಮೂಲಗಳನ್ನೂ ಬಿಡಿಸಿಟ್ಟು ಇಳಿದ ಮೇಲೆ, ಬಾಗಿಲ ಬಳಿ ಒಬ್ಬ ಅಜ್ಜಿ ಕೈ ಹಿಡಿದು ಹೇಳುತ್ತಾಳೆ: ‘ಭಾಳ ಚಲೋ ಮಾತಾಡಿದ್ರಿ ಅಯ್ನೋರ, ಒಂದೂ ತಿಳೀಲಿಲ್ಲ.’ ಇಂಟರ್ನಲ್ ಅಂಕ ಕೊಡುವ ಅಧಿಕಾರ ಆಕೆಗಿಲ್ಲ ಎಂಬುದೇ ನಿಮ್ಮ ಅದೃಷ್ಟ.

5. ಸ್ಥಳೀಯ ಬಿಡಿಭಾಗಗಳು

ಯಂತ್ರದ ಬಹುಭಾಗ ಜರ್ಮನಿಯದೆಂದು ಕಂಡರೂ ಇಲ್ಲಿನ ಭಾಗಗಳಿಲ್ಲದೆ ಅದು ಓಡದು. ನಿಘಂಟಿನ ಕಿಟೆಲ್ 1862ರಲ್ಲೇ ಕ್ರಿಸ್ತನ ಕಥೆಯನ್ನು ‘ಕಥಾಮಾಲೆ’ಯಾಗಿ ನಮ್ಮ ಛಂದಸ್ಸಿಗೆ ಕೂಡಿಸಿದರು. ಕಾರ್ಕಳದಲ್ಲಿ ಹುಟ್ಟಿ ಮಂಗಳೂರಿನಲ್ಲಿ ಕಲಿಸಿದ ಸ್ಟ್ಯಾನ್ಲಿ ಸಮರ್ಥರು ಚರ್ಚುಗಳ ವಿಶ್ವ ಮಂಡಳಿಯಲ್ಲಿ ಅನ್ಯಧರ್ಮೀಯರೊಡನೆ ಸಂವಾದದ ವಿಭಾಗಕ್ಕೆ ಮೊದಲ ನಿರ್ದೇಶಕರಾದರು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಕಾಲೇಜಿನಲ್ಲೇ ಅರವಿಂದ ನಿರ್ಮಲ್ ಮಾಡಿದ ಉಪನ್ಯಾಸದಿಂದ ದಲಿತ ದೈವಶಾಸ್ತ್ರದ ಆರಂಭವನ್ನು ಎಣಿಸುತ್ತಾರೆ: ಸಭೆಯ ಬೆಂಚುಗಳಲ್ಲಿ ಬಹುಸಂಖ್ಯೆಯಲ್ಲಿ ಕೂತವರು ದೈವಶಾಸ್ತ್ರದ ಪುಟಗಳಲ್ಲಿ ಏಕಿಲ್ಲ ಎಂಬ ಪ್ರಶ್ನೆ ಅಲ್ಲಿಂದ ಗಟ್ಟಿಯಾಯಿತು. ಈ ಭಾಗವನ್ನು ಕಳಚಿಟ್ಟು ಯಂತ್ರ ಓಡಿಸಿದರೆ ಸದ್ದು ಕಮ್ಮಿ, ಕೆಲಸವೂ ಕಮ್ಮಿ.

6. ತೊಂದರೆ ಮತ್ತು ಪರಿಹಾರ

ತೊಂದರೆ: ಮದುವೆ, ಗೃಹಪ್ರವೇಶ, ಹೊಸ ಸ್ಕೂಟರು, ಎಲ್ಲದಕ್ಕೂ ನಿಮ್ಮಿಂದಲೇ ಪ್ರಾರ್ಥನೆ ಮಾಡಿಸುತ್ತಾರೆ.
ಪರಿಹಾರ: ಇಲ್ಲ. ಊಟಕ್ಕೆ ಮುಂಚಿನದನ್ನು ಚಿಕ್ಕದಾಗಿಡಿ.

ತೊಂದರೆ: ಪ್ರಾರ್ಥಿಸುವಾಗ ಅಡಿಟಿಪ್ಪಣಿ ನೆನಪಾಗುತ್ತದೆ.
ಪರಿಹಾರ: ಎರಡನೇ ವರ್ಷದಲ್ಲಿ ಇದು ಸಾಮಾನ್ಯ. ಮೆಸ್ಸಿನಲ್ಲಿ ಪಾತ್ರೆ ತೊಳೆಯುವ ಪಾಳಿ ಕೇಳಿ ಪಡೆಯಿರಿ.

ತೊಂದರೆ: ಸಾವಿನ ಮನೆಯಲ್ಲಿ ‘ದೇವರು ಹೀಗೇಕೆ ಮಾಡಿದ?’ ಎಂದು ಕೇಳುತ್ತಾರೆ.
ಪರಿಹಾರ: ನಾಲ್ಕು ವರ್ಷದ ನೋಟ್ಸು ಒಮ್ಮೆಲೇ ಗಂಟಲಿಗೆ ಬರುತ್ತದೆ. ನುಂಗಿಕೊಳ್ಳಿ. ಸತ್ಯವೇದದಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಮೂವರು ಗೆಳೆಯರು ಏಳು ದಿನ ಅವನ ಪಕ್ಕದಲ್ಲಿ ನೆಲದ ಮೇಲೆ ಸುಮ್ಮನೆ ಕೂತರು. ಅಲ್ಲಿಯವರೆಗೆ ಅವರಂಥ ಸಭಾಪಾಲಕರಿರಲಿಲ್ಲ. ಎಂಟನೆಯ ದಿನದಿಂದ ಕಾರಣ ವಿವರಿಸಲು ಹೊರಟು ಕೆಟ್ಟರು. ಕೊನೆಗೆ ದೇವರು ತಪ್ಪು ಹಿಡಿದದ್ದು ವಿವರಿಸಿದವರನ್ನು. ಸರಿಯಾಗಿ ಮಾತಾಡಿದವನೆಂದು ಹೇಳಿದ್ದು ಉದ್ದಕ್ಕೂ ಜಗಳವಾಡಿದ ಯೋಬನನ್ನು. ಈ ಪದವಿಯ ಮುಖ್ಯ ಉಪಯೋಗ ಇಷ್ಟೇ: ಎಷ್ಟು ಉತ್ತರ ಗೊತ್ತಿದ್ದರೂ ಬಾಯಿ ಮುಚ್ಚಿ ಕೂರುವ ತಾಕತ್ತು. ಇದಕ್ಕೆ ಹೀಬ್ರೂ ಏಕೆ ಬೇಕೆಂದು ಕೇಳುವವರು ಯೋಬನ ಪುಸ್ತಕವನ್ನು ಮೂಲದಲ್ಲಿ ಓದಲು ಯತ್ನಿಸಲಿ; ಬಾಯಿ ತಾನಾಗಿ ಮುಚ್ಚುತ್ತದೆ.

7. ವಾರಂಟಿ

ಬಳಕೆಯಿಂದ ನಂಬಿಕೆ ಸವೆದರೆ, ಕುಗ್ಗಿದರೆ, ಆಕಾರ ಬದಲಿಸಿದರೆ ಅದನ್ನು ಸಹಜ ಸವೆತವೆಂದು ಎಣಿಸಲಾಗುವುದು, ಬದಲಿ ಕೊಡಲಾಗುವುದಿಲ್ಲ. ಆದರೆ ಪದವಿ ಮುಗಿಯುವಷ್ಟರಲ್ಲಿ ದೇವರು ಪೂರ್ತಿ ಅರ್ಥವಾದನೆಂದು ಯಾರಿಗಾದರೂ ಅನಿಸಿದರೆ ಅದು ತಯಾರಿಕೆಯ ದೋಷ. ಅಂಥವರು ರಸೀದಿ ಸಮೇತ ಮರಳಿ ಬರಬೇಕು. ಶುಲ್ಕವಿಲ್ಲದೆ ಮೊದಲ ವರ್ಷದ ಹೀಬ್ರೂ ತರಗತಿಯಲ್ಲಿ, ಮುಂದಿನ ಬೆಂಚಿನಲ್ಲೇ ಕೂರಿಸಲಾಗುವುದು.